ಕಿರುಬೆರಳಿನ ಸಾಕ್ಷಿ

ದಾರ್ದೋನ ಬೈಕನ್ನು ಪೊಲೀಸರು ಮನೆಗೆ ಮರಳಿಸಿದ ದಿನದಿಂದ ನೆಲಿದಾ ಗಂಡನ ಜೊತೆ ಮೇಜಿಗೆ ಕೂತು ಉಣ್ಣುವುದನ್ನು ಬಿಟ್ಟಳು. ಬಡಿಸುವುದನ್ನೇನೂ ಬಿಡಲಿಲ್ಲ. ಓವಿದಿಯೋನ ತಟ್ಟೆ, ಲೋಟ, ಸಕ್ಕರೆ ಕಾಯಿಲೆಯವನೆಂದು ಬೇಕರಿಯಿಂದ ಬೇರೆಯಾಗಿ ತರುವ ತವುಡಿನ ಬ್ರೆಡ್ಡು, ಎಲ್ಲವೂ ಹೊತ್ತಿಗೆ ಸರಿಯಾಗಿ ಅವನ ಮುಂದೆ ಬರುತ್ತಿದ್ದವು. ಅವಳು ಮಾತ್ರ ತನ್ನ ತಟ್ಟೆ ಹಿಡಿದು ಒಲೆಯ ಪಕ್ಕ ನಿಂತೇ ತಿನ್ನುತ್ತಿದ್ದಳು. ಅರವತ್ತೆಂಟರ ಹೆಂಗಸು, ಮಂಡಿನೋವು ಬೇರೆ. ಆದರೂ ಹಟಕ್ಕೆ ಬಿದ್ದವಳ ಕಾಲಿಗೆ ಎಲ್ಲಿಂದಲೋ ಬಲ ಬರುತ್ತದೆ.

ಮಗ ದಾರ್ದೋ ಸತ್ತದ್ದು ಜನವರಿಯಲ್ಲಿ. ತಮ್ಮೂರು ಬಾಹಿಯಾ ಬ್ಲಾಂಕಾದಿಂದ ದಕ್ಷಿಣಕ್ಕೆ, ನೆಲ ಮುಗಿಯುವ ಊರಿನ ತನಕ, ಬೈಕ್ ಕ್ಲಬ್ಬಿನ ಗೆಳೆಯರ ಜೊತೆ ಒಂದು ತಿಂಗಳ ಸವಾರಿ ಎಂದು ಹೊರಟವನು ಎರಡನೆಯ ದಿನವೇ, ಸಿಯೆರ್ರಾ ಗ್ರಾಂದೆ ಎಂಬ ಊರು ದಾಟಿದ ಮೇಲೆ, ನೇರ ರಸ್ತೆಯಲ್ಲಿ ಬಿದ್ದಿದ್ದ. ಪೊಲೀಸರ ಕಾಗದದಲ್ಲಿ ಗಾಳಿ ಎಂದು ಬರೆದಿತ್ತು. ಆ ಕಡೆಯ ಗಾಳಿ ಲಾರಿಯನ್ನೇ ಮಗುಚುತ್ತದೆ, ಅನುಮಾನ ಪಡುವಂಥದ್ದೇನೂ ಇರಲಿಲ್ಲ. ಆದರೆ ಹಿಂದೆ ಬರುತ್ತಿದ್ದ ಲಾರಿಯವನೊಬ್ಬ ಕ್ಲಬ್ಬಿನವರ ಬಳಿ ಒಂದು ಮಾತು ಹೇಳಿದ್ದ: ಬೀಳುವ ಮೊದಲು ಬೈಕಿನ ಮುಂಭಾಗ ಆ ಕಡೆ ಈ ಕಡೆ ತೂರಾಡುತ್ತಿತ್ತು, ಹ್ಯಾಂಡಲ್ಲು ಸವಾರನ ಮಾತು ಕೇಳುತ್ತಿರಲಿಲ್ಲ. ಆ ಹ್ಯಾಂಡಲ್ಲು ತಿರುಗುವ ಕೀಲನ್ನು, ಅಂದರೆ ಕೋನ್‌ಸೆಟ್ಟನ್ನು ಬಿಚ್ಚಿ, ಒಳಗಿನ ಉಕ್ಕಿನ ಗುಂಡುಗಳಿಗೆ ಗ್ರೀಸ್ ತುಂಬಿ, ಮತ್ತೆ ಬಿಗಿದವನು ಓವಿದಿಯೋ. ಮಗ ಹೊರಡುವ ಮುಂಚಿನ ಭಾನುವಾರ, ಇದೇ ಮನೆಯ ಹಿತ್ತಲ ಶೆಡ್ಡಿನಲ್ಲಿ.

"ಲುದ್ಮಿ, ನಿಮ್ಮ ತಾತನನ್ನ ಕೇಳು, ಯಾವತ್ತು ಬಿಚ್ತಾನಂತೆ," ಎಂದಳು ನೆಲಿದಾ, ಏಪ್ರಿಲ್ ಮೊದಲ ವಾರದ ಒಂದು ಮಧ್ಯಾಹ್ನ. ಓವಿದಿಯೋ ಅವಳಿಂದ ಎರಡು ಮಾರು ದೂರದಲ್ಲಿ ಕೂತು ಮಸೂರಕಾಳಿನ ಸಾರಿಗೆ ಬ್ರೆಡ್ಡು ಅದ್ದುತ್ತಿದ್ದ.

ಲುದ್ಮಿಲಾ ದಾರ್ದೋನ ಮಗಳು, ಹದಿನಾರು ವಯಸ್ಸು. ಈ ಅಂಚೆ ಕೆಲಸ ಅವಳಿಗೆ ಸಾಕುಸಾಕಾಗಿತ್ತು.

"ತಾತ, ಅಜ್ಜಿ ಕೇಳ್ತಿದಾಳೆ..."

"ಕೇಳಿಸ್ತು."

"ಕೇಳಿಸ್ತಂತೆ, ಅಜ್ಜಿ."

"ಕಿವಿ ಚೆನ್ನಾಗಿದೆ ಅಂತಾಯ್ತು. ಯಾವತ್ತು ಅನ್ನೋದಕ್ಕೆ ಉತ್ತರ ಎಲ್ಲಿ?"

"ಹಿಂದಿನಿಂದ ಶುರು ಮಾಡ್ತೀನಿ," ಎಂದ ಓವಿದಿಯೋ ತಟ್ಟೆಗೆ ಹೇಳುವಂತೆ. "ಮೊದಲು ಸ್ವಿಂಗ್‌ಆರ್ಮು. ಆಮೇಲೆ ಮುಂದಿಂದು. ಕ್ರಮ ಅಂತ ಒಂದಿರತ್ತೆ."

ಸೊಸೆ ರೊಸೌರಾ ಚಮಚ ಕೆಳಗಿಟ್ಟಳು. ಸೂಪರ್‌ಮಾರ್ಕೆಟ್ಟಿನ ಕ್ಯಾಷ್ ಕೌಂಟರಿನಲ್ಲಿ ಬೆಳಗಿನಿಂದ ಕೂತು, ಮಧ್ಯಾಹ್ನದ ಒಂದು ಗಂಟೆ ಬಿಡುವಿನಲ್ಲಿ ಊಟಕ್ಕೆ ಮನೆಗೆ ಓಡಿ ಬಂದವಳು.

"ಅದನ್ನ ಯಾರಾದ್ರೂ ಗುಜರಿಯೋರಿಗೆ ಕೊಟ್ಟುಬಿಡಿ ಮಾವ. ಬಟ್ಟೆ ಒಣಹಾಕೋಕೆ ಹೋದಾಗೆಲ್ಲ ನಾನು ಅದರ ಮುಖ ನೋಡಬೇಕು. ಬಿಚ್ಚಿ ಏನು ನೋಡ್ತೀರಿ? ಅವರು ಎದ್ದು ಬರ್ತಾರಾ?"

"ನನಗೆ ಗೊತ್ತಾಗಬೇಕು," ಎಂದಳು ನೆಲಿದಾ.

"ನನಗೆ ಬೇಡ ಅತ್ತೆ. ಗಾಳಿ ಅಂತ ಬರೆದಿದಾರೆ, ನನಗೆ ಗಾಳಿನೇ ಸಾಕು."

ಓವಿದಿಯೋ ಎದ್ದು ಶೆಡ್ಡಿಗೆ ಹೋದ. ಅವನ ತಟ್ಟೆಯಲ್ಲಿ ಅರ್ಧಕ್ಕರ್ಧ ಸಾರು ಹಾಗೇ ಇತ್ತು. ನೆಲಿದಾ ಅದನ್ನು ಎಸೆಯಲಿಲ್ಲ, ಪಾತ್ರೆಗೆ ಮರಳಿ ಸುರಿಯಲೂ ಇಲ್ಲ. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

ಓವಿದಿಯೋ ಬಂದರಿನಲ್ಲಿ ಹಡಗಿಗೆ ಧಾನ್ಯ ತುಂಬುವ ಎಲಿವೇಟರ್ ಗೋದಾಮಿನಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದವನು. ಸಾಮಾನಿಗೆಂದು ಮೂರು ಪೆಟ್ಟಿಗೆಗಳಿರುವ ಆ ದೊಡ್ಡ ಬೈಕನ್ನು ಅಪ್ಪ ಮಗ ಸೇರಿ ಹಳೆಯದಾಗಿ ಕೊಂಡದ್ದು ಲುದ್ಮಿಲಾ ಹುಟ್ಟಿದ ವರ್ಷ. ಪ್ರತಿ ಚಳಿಗಾಲದಲ್ಲಿ, ಜೂನ್ ಜುಲೈ ಬಂತೆಂದರೆ, ಅದರ ಕೀಲುಗಳನ್ನೆಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸ್ ಹಾಕುವುದು ಆ ಮನೆಯ ಪದ್ಧತಿ. ಕೆಲಸ ಒಂದು ಘಟ್ಟಕ್ಕೆ ಬಂದಾಗ ಅವನು ಶೆಡ್ಡಿನ ಬಾಗಿಲಿಗೆ ಬಂದು ಕೂಗುತ್ತಿದ್ದ: "ನೆಲಿ, ನಿನ್ನ ಬೆರಳು ಬೇಕಿತ್ತು."

ನೆಲಿದಾ ಓಣಿಯ ಮಕ್ಕಳಿಗೆಲ್ಲ ಶಾಲೆಯ ಬಿಳಿ ನಿಲುವಂಗಿ ಹೊಲಿದುಕೊಟ್ಟವಳು. ಬಟ್ಟೆಯಲ್ಲಿ ಒಂದು ಎಳೆ ದಪ್ಪವಿದ್ದರೂ ಅವಳ ಬೆರಳಿಗೆ ತಿಳಿಯುತ್ತಿತ್ತು. ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು ಹೋಗಿ, ಗುಂಡುಗಳು ಕೂರುವ ಬಟ್ಟಲಿನೊಳಗೆ ಕಿರುಬೆರಳು ಇಟ್ಟು ಒಂದು ಸುತ್ತು ಎಳೆಯಬೇಕು. ಕುಳಿ ಬಿದ್ದಿದೆಯೋ ನುಣುಪಾಗಿದೆಯೋ ಹೇಳಬೇಕು. ಕಣ್ಣಿಗೆ ಕಾಣುವಷ್ಟಾಗುವ ಮೊದಲೇ ಅದು ಬೆರಳಿಗೆ ಸಿಗುತ್ತದೆ. ಎಲ್ಲ ಜೋಡಿಸಿ ನಟ್ಟು ಬಿಗಿದ ಮೇಲೆ ಮುಂದಿನ ಚಕ್ರವನ್ನು ನೆಲದಿಂದ ಮೇಲಿಟ್ಟು, ಹ್ಯಾಂಡಲ್ಲಿನ ತುದಿಯನ್ನು ಅದೇ ಬೆರಳಿನಿಂದ ಮೆಲ್ಲಗೆ ತಳ್ಳಬೇಕು. ಅದು ನಡುವೆ ಎಲ್ಲೂ ತಡೆಯದೆ ತಾನಾಗಿ ಪಕ್ಕಕ್ಕೆ ಬಿದ್ದರೆ ಸರಿ. ಒಂದು ಕೂದಲೆಳೆಯಷ್ಟು ತಡೆದರೂ ನೆಲಿದಾ "ಊಹೂಂ" ಎನ್ನುವಳು, ಓವಿದಿಯೋ ನಟ್ಟು ಸಡಿಲಿಸುವನು. ಮದುವೆಯಾಗಿ ಮೊಮ್ಮಗಳು ಬಂದ ಮೇಲೂ ಗಂಡ ತನ್ನ ಬೆರಳನ್ನು ಹೀಗೆ ಕೂಗಿ ಕರೆಯುವುದರಲ್ಲಿ ಅವಳಿಗೆ ಒಳಗೊಳಗೇ ಸುಖವಿತ್ತು. ಅಕ್ಕಪಕ್ಕದ ಹೆಂಗಸರು ನಗುತ್ತಿದ್ದರು, ನಗಲಿ ಎಂದುಕೊಂಡಿದ್ದಳು.

ಈ ಸಲ ಸವಾರಿಗೆಂದು ನಡುಬೇಸಿಗೆಯಲ್ಲೇ ಬಿಚ್ಚಿದ್ದರು; ಡಿಸೆಂಬರಿನ ಆ ಕೊನೆಯ ಭಾನುವಾರವೂ ಅವನು ಕೂಗಿದ್ದ. ಅವಳು ಹೂರಣ ತುಂಬುವ ರವಿಯೋಲಿಗೆ ಹಿಟ್ಟು ನಾದುತ್ತಿದ್ದಳು. ಹೆಂಡತಿ ಮಗಳನ್ನು ಬಿಟ್ಟು ತಿಂಗಳಿಡೀ ಊರು ಸುತ್ತಲು ಹೊರಟ ಮಗನ ಮೇಲೆ ಸಿಟ್ಟು, ಅವನಿಗೆ ಕುಮ್ಮಕ್ಕು ಕೊಡುವ ಗಂಡನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. "ಕೈ ಹಿಟ್ಟಲ್ಲಿದೆ," ಎಂದಿದ್ದಳು, ತಿರುಗಿಯೂ ನೋಡದೆ. ಅವನು ಎರಡನೆಯ ಸಲ ಕೂಗಲಿಲ್ಲ.

ಈ ಒಂದು ಮಾತನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಸ್ವಿಂಗ್‌ಆರ್ಮಿಗೇ ಎರಡು ವಾರ ಹಿಡಿಯಿತು. ಹಿಂಚಕ್ರವನ್ನು ಹಿಡಿದುಕೊಂಡು ಮೇಲೆ ಕೆಳಗೆ ಆಡುವ ಆ ಕವಲನ್ನು ಬಿಚ್ಚಿ, ಬೇರಿಂಗುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಒಂದು ಸಂಜೆ ಓವಿದಿಯೋ ಒಳಗೆ ತಂದ. ಮೇಜಿನ ಮೇಲೆ ಮಾಟೆ ಕಷಾಯ ಕುಡಿಯುವ ಸೋರೆಬುರುಡೆ, ಬಿಸ್ಕತ್ತು, ಲುದ್ಮಿಲಾಳ ಪುಸ್ತಕ ಇದ್ದವು. ಅವುಗಳ ನಡುವೆಯೇ ಬಿಚ್ಚಿಟ್ಟ.

"ನೋಡಿ. ಗ್ರೀಸ್ ಹಾಕಿದ ಹಾಗೇ ಇದೆ. ಒಂದು ಹನಿ ನೀರು ಹೋಗಿಲ್ಲ, ಒಂದು ಚೂರು ಧೂಳಿಲ್ಲ."

"ಮಾವ, ಇದು ಊಟದ ಮೇಜು," ಎಂದಳು ರೊಸೌರಾ.

"ನೋಡಲಿ ಅಂತ ತಂದೆ."

"ಲಾರಿಯವನು ಹೇಳಿದ್ದು ಹಿಂದಿಂದಾ?" ನೆಲಿದಾ ಈ ಸಲ ಮೊಮ್ಮಗಳನ್ನು ನಡುವೆ ತರಲಿಲ್ಲ. "ಅವನು ಹೇಳಿದ್ದು ಮುಂದಿಂದು. ನೀನು ನನ್ನ ಮಗನ ಹಿಂಗಾಲು ತೋರಿಸಿ ತಪ್ಪಿಸ್ಕೊತಿದೀಯ."

"ಅವನು ನನಗೂ ಮಗನೇ."

"ಹಾಗಿದ್ರೆ ಬಿಚ್ಚು."

"ಬಿಚ್ಚಿದ್ರೆ ಹೇಳತ್ತೆ ಅದು, ಗೊತ್ತಾ ನಿನಗೆ? ಖಂಡಿತ ಹೇಳತ್ತೆ." ಓವಿದಿಯೋನ ದನಿ ಏರಿತು. "ಬೈಕ್ ಉರುಳಿದ ಏಟಿಗೆ ಆದ ಕುಳಿ ಆದ್ರೆ ಬಟ್ಟಲಲ್ಲಿ ಒಂದೇ ಕಡೆ ಇರತ್ತೆ. ನಟ್ಟು ಬಿಗಿ ಆಗಿ ಬಿದ್ದಿದ್ದಾದ್ರೆ ಸುತ್ತಲೂ ಇರತ್ತೆ, ಒಂದೊಂದು ಗುಂಡಿಗೂ ಒಂದೊಂದು. ಸುಳ್ಳು ಹೇಳಲ್ಲ ಕಬ್ಬಿಣ."

"ಬಿಗಿ ಮಾಡಿದ್ಯಾ ನೀನು?"

"ಮುಂದೆ ಜಲ್ಲಿ ರಸ್ತೆ ಇತ್ತು. ಜಲ್ಲಿ ರಸ್ತೆಗೆ ಹೋಗೋ ಬೈಕಿಗೆ ಎಲ್ಲರೂ ಒಂಚೂರು ಹೆಚ್ಚು ಬಿಗೀತಾರೆ. ಕುಲುಕಾಡಿ ಸಡಿಲ ಆಗತ್ತಲ್ಲ, ಅದಕ್ಕೆ. ಈ ಊರಲ್ಲಿ ಯಾರನ್ನ ಬೇಕಾದ್ರೂ ಕೇಳು."

"ಒಂಚೂರು ಅಂದ್ರೆ ಎಷ್ಟು?"

ಅವನು ಒಂದು ಬೇರಿಂಗನ್ನು ಎತ್ತಿ ಪತ್ರಿಕೆಯಲ್ಲಿ ಮತ್ತೆ ಸುತ್ತತೊಡಗಿದ. ರೊಸೌರಾ ಎದ್ದು ಬೇರಿಂಗುಗಳನ್ನು ಪತ್ರಿಕೆ ಸಮೇತ ಬಾಗಿಲಾಚೆ ಇಟ್ಟು ಬಂದಳು. ಬಂದವಳು ಅತ್ತೆ ಮಾವ ಇಬ್ಬರಿಗೂ ಒಟ್ಟಿಗೆ ಹೇಳಿದಳು:

"ನೀವಿಬ್ಬರೂ ದಿನಾ ಅವರನ್ನ ಒಂದೊಂದೇ ಭಾಗ ಬಿಚ್ತಿದೀರಿ. ನನ್ನ ಮಗಳು ಇದನ್ನ ನೋಡ್ಕೊಂಡು ಪರೀಕ್ಷೆಗೆ ಓದಬೇಕಾ?"

ಲುದ್ಮಿಲಾ ಪುಸ್ತಕ ಎತ್ತಿಕೊಂಡು ಕೋಣೆಗೆ ಹೋದಳು. ಬೈಕು ಮನೆಗೆ ಬಂದ ಮಾರ್ಚಿನಿಂದ ನೆಲಿದಾ ಅದೇ ಕೋಣೆಯಲ್ಲಿ ಮಲಗುತ್ತಿದ್ದಳು.

ಮೇ ತಿಂಗಳ ಇಪ್ಪತ್ತೈದು ರಾಷ್ಟ್ರೀಯ ಹಬ್ಬ. ಯಾರಿಗೂ ಹಬ್ಬ ಬೇಕಿರಲಿಲ್ಲ, ಆದರೆ ಹುಡುಗಿಗಾಗಿ ನೆಲಿದಾ ಜೋಳ, ಕುಂಬಳ, ಹಂದಿಮಾಂಸ ಹಾಕಿ ಲೋಕ್ರೋ ಬೇಯಿಸಲು ಇಟ್ಟಿದ್ದಳು. ದಪ್ಪ ಕಬ್ಬಿಣದ ಪಾತ್ರೆ, ಮೂರು ಗಂಟೆ ಉರಿಯ ಮೇಲಿದ್ದದ್ದು. ಅವಳು ಅದನ್ನು ಇಳಿಸಲು ಬಟ್ಟೆ ಹುಡುಕುತ್ತಿದ್ದಾಗ ಓವಿದಿಯೋ ಬಂದು ಬರಿಗೈಯಲ್ಲಿ ಅದರ ಎರಡೂ ಹಿಡಿಕೆ ಹಿಡಿದು ಎತ್ತಿ ಮೇಜಿನ ಮೇಲಿಟ್ಟ. ಅವಸರವಿಲ್ಲದೆ ಇಟ್ಟ. ಆಮೇಲೆ ವಾಸನೆ ಬಂತು.

ನೆಲಿದಾ ಅವನ ಎರಡೂ ಕೈ ಹಿಡಿದು ತಿರುಗಿಸಿದಳು. ಬೆರಳುಗಳ ಮೇಲೆ ಚರ್ಮ ಬೆಳ್ಳಗೆ ಎದ್ದಿತ್ತು.

"ಉರೀತಿಲ್ವಾ?"

"ಸ್ವಲ್ಪ."

"ಸುಳ್ಳು ಹೇಳಬೇಡ ಓವಿ."

"ಇಲ್ಲ. ಉರೀತಿಲ್ಲ."

"ಎಷ್ಟು ದಿನದಿಂದ ಹೀಗೆ?"

"ದಿನ ಅಲ್ಲ. ಒಂಬತ್ತು ಹತ್ತು ವರ್ಷ ಆಯ್ತು. ಸಕ್ಕರೆ ಕಾಯಿಲೆಗೆ ಹೀಗಾಗತ್ತಂತೆ. ಮೊದಲು ತುದಿ ಹೋಯ್ತು, ಆಮೇಲೆ ಪೂರ್ತಿ."

ಅವಳು ಅವನ ಕೈಯನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದಳು. ಅಷ್ಟು ತಿಂಗಳ ಮೇಲೆ ಅವನನ್ನು ಮುಟ್ಟಿದ್ದು ಅದೇ ಮೊದಲು. ನೀರು ಸುರಿಯುತ್ತಿರುವಾಗ ಅವಳಿಗೆ ಒಂದೊಂದೇ ಹೊಳೆಯತೊಡಗಿತು.

"ಹಾಗಾದ್ರೆ ನನ್ನ ಬೆರಳು ಬೇಕು ಅಂತ ಕರೀತಿದ್ದಿದ್ದು..."

"ಮೊದಮೊದಲು ಸುಮ್ನೆ ಕರೀತಿದ್ದೆ. ನೀನು ಬರ್ತೀಯಲ್ಲ ಅಂತ. ಆಮೇಲೆ ಬೇಕಾಗಿ ಕರೀತಿದ್ದೆ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

"ಫಿಟ್ಟರ್ ಕೈ ಸತ್ತೋಗಿದೆ ಅಂತ ಯಾರ ಮುಂದೆ ಹೇಳ್ಕೊಳ್ಳಲಿ?"

"ಆ ಭಾನುವಾರ ಹ್ಯಾಂಡಲ್ ತಳ್ಳಿ ನೋಡಿದ್ದು ಯಾರು?"

"ನಾನೇ. ಹಗುರವಾಗೇ ಇತ್ತು." ನೀರಿನ ಕೆಳಗೆ ಬೆರಳುಗಳನ್ನು ಮಡಿಸಿ ಬಿಡಿಸಿ ಹೇಳಿದ: "ನನ್ನ ಕೈಗೆ ಎಲ್ಲವೂ ಹಗುರ."

ನಲ್ಲಿ ಸುರಿಯುತ್ತಲೇ ಇತ್ತು. ಓವಿದಿಯೋ ಅದನ್ನು ನೋಡುತ್ತಾ ಮುಂದುವರಿಸಿದ, ಇಷ್ಟು ಹೇಳಿದ ಮೇಲೆ ಇನ್ನೇನು ಉಳಿಸಿಕೊಳ್ಳಲಿ ಎಂಬಂತೆ.

"ದಾರ್ದೋ ದಾರಿಲಿ, ವಿಯೆದ್ಮಾದಿಂದ ಫೋನ್ ಮಾಡಿದ್ದ. ಮುಂದುಗಡೆ ಯಾಕೋ ಮೊಂಡು ಹಿಡೀತಿದೆ ಅಪ್ಪ ಅಂದ. ಹೊಸ ಗ್ರೀಸು, ಸಾಮಾನು ಬೇರೆ ಹೇರಿದೀಯ, ನೂರು ಕಿಲೋಮೀಟರ್ ಓಡಿಸು, ತಾನೇ ಸರಿಹೋಗತ್ತೆ ಅಂದೆ. ಸರಿ ಅಪ್ಪ ಅಂದ. ಅಷ್ಟೇ ಮಾತು. ಕೊನೇ ಮಾತು."

ನೆಲಿದಾ ನಲ್ಲಿ ನಿಲ್ಲಿಸಿದಳು. ಅವಳಿಗೆ ಅವನ ಕೆನ್ನೆಗೆ ಹೊಡೆಯಬೇಕೆನಿಸಿತು, ಅವನನ್ನು ತಬ್ಬಿಕೊಳ್ಳಬೇಕೆಂದೂ ಅನಿಸಿತು. ಎರಡೂ ಮಾಡದೆ ಸುಟ್ಟಗಾಯದ ಮುಲಾಮು ತರಲು ಅವನ ಕೋಣೆಯ ಡ್ರಾಯರ್ ಎಳೆದಳು. ಅಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಳ ಹಾಳೆಗಳು ಒಂದರ ಮೇಲೊಂದು ಜೋಡಿಸಿಟ್ಟಿದ್ದವು. ಏಪ್ರಿಲಿನವು, ಮೇ ತಿಂಗಳಿನವು. ಒಂದು ಮಾತ್ರೆಯೂ ಖಾಲಿಯಾಗಿರಲಿಲ್ಲ.

ಹಾಳೆಗಳನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಇದೇನಿದು?"

"ಬಿಚ್ಚಿ ನೋಡಿದ ಮೇಲೆ ತಗೋತೀನಿ."

"ಬಿಚ್ಚಿದಾಗ ಬಟ್ಟಲಲ್ಲಿ ಸುತ್ತಲೂ ಕುಳಿ ಇದ್ರೆ?"

"ಇದ್ರೆ ಯಾಕೆ ತಗೋಬೇಕು, ನೆಲಿ?"

ಅವನು ಅದನ್ನು ಬೆದರಿಕೆಯಾಗಿ ಹೇಳಲಿಲ್ಲ. ನಾಳೆ ಚಳಿ ಹೆಚ್ಚಾದರೆ ಕಿಟಕಿ ಮುಚ್ಚಬೇಕು ಎಂಬಷ್ಟು ಸಹಜವಾಗಿ ಹೇಳಿದ. ಅವಳು ಹಾಳೆಗಳನ್ನು ಮರಳಿ ಡ್ರಾಯರಿಗೆ ಇಡದೆ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಆ ದಿನದ ಲೋಕ್ರೋ ಚೆನ್ನಾಗಿದೆ ಎಂದು ಲುದ್ಮಿಲಾ ಎರಡೆರಡು ಸಲ ಹೇಳಿದಳು, ಉಳಿದವರು ತಲೆಯಾಡಿಸಿದರು.

ಜೂನ್ ಎರಡನೆಯ ಶನಿವಾರ ಬೆಳಗ್ಗೆ ನೆಲಿದಾ ತಾನೇ ಶೆಡ್ಡಿನ ಬಾಗಿಲು ತೆರೆದು ದೀಪ ಹಾಕಿದಳು.

"ಬಾ. ಇವತ್ತು ಬಿಚ್ಚು. ನಾನು ಜೊತೆಗಿರ್ತೀನಿ."

ಬೈಕಿನ ಮುಂಚಕ್ರ ಹಿಡಿಯುವ ಕವಲು, ಫೋರ್ಕ್, ಸೊಟ್ಟಗಾಗಿತ್ತು, ಗಾಜು ಇರಲಿಲ್ಲ, ಪೆಟ್ರೋಲ್ ಟ್ಯಾಂಕಿನ ಒಂದು ಪಕ್ಕದಲ್ಲಿ ಡಾಂಬರಿನ ಗೀರುಗಳಿದ್ದವು. ಓವಿದಿಯೋನ ಸುಟ್ಟ ಬೆರಳುಗಳು ಇನ್ನೂ ಪೂರ್ತಿ ವಾಸಿಯಾಗಿರಲಿಲ್ಲ, ಹಾಗಾಗಿ ಅವನು ಹೇಳುತ್ತಾ ಹೋದ, ಅವಳು ಸ್ಪ್ಯಾನರ್ ತಿರುಗಿಸುತ್ತಾ ಹೋದಳು. ಹ್ಯಾಂಡಲ್ಲು ಬಂತು. ಮೇಲಿನ ನಟ್ಟು ಬಂತು. ಫೋರ್ಕನ್ನು ಇಬ್ಬರೂ ಸೇರಿ ಕೆಳಗೆಳೆದಾಗ ಗ್ರೀಸು ಮೆತ್ತಿದ ಗುಂಡುಗಳು ತಟ್ಟೆಗೆ ಟಪಟಪನೆ ಬಿದ್ದವು. ಫೋರ್ಕಿನ ಜೊತೆ ಬಂದ, ಗುಂಡುಗಳನ್ನು ಕೆಳಗಿನಿಂದ ಹಿಡಿಯುವ ಬಳೆ ಉರುಳಿದ ಏಟಿಗೆ ಸೀಳಿ ಎರಡು ಹೋಳಾಗಿತ್ತು.

"ಇದರಿಂದ ಏನೂ ಗೊತ್ತಾಗಲ್ಲ," ಎಂದ ಓವಿದಿಯೋ ಅದನ್ನು ತಿರುಗಿಸಿ ನೋಡಿ. "ಚೌಕಟ್ಟಿನೊಳಗೆ ಇರೋ ಬಟ್ಟಲೇ ಹೇಳಬೇಕು. ಸೀಮೆಎಣ್ಣೆ ಬಟ್ಟೆ ತಗೋ. ಚೆನ್ನಾಗಿ ಒರೆಸು."

ಆ ಬಟ್ಟಲು ನೆಲಕ್ಕೆ ಮುಖ ಮಾಡಿಕೊಂಡು ಕೂತಿತ್ತು. ಬಗ್ಗಿ ನೋಡಲು ಓವಿದಿಯೋನ ಸೊಂಟ ಬಿಡುವಂತಿರಲಿಲ್ಲ, ನೋಡಿದರೂ ಅವನ ಪೊರೆ ಬಂದ ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ. ನೆಲಿದಾ ಒರೆಸಿದಳು. ಅಷ್ಟರಲ್ಲಿ ರೊಸೌರಾ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ತಂತಿಯ ಕಡೆಗೆ ಹೋಗುತ್ತಿದ್ದವಳು ಬಾಗಿಲಲ್ಲಿ ನಿಂತುಬಿಟ್ಟಳು. ಅವಳ ಹಿಂದೆ ಲುದ್ಮಿಲಾ. ಬೇಡ ಬೇಡ ಎನ್ನುತ್ತಿದ್ದ ರೊಸೌರಾ ಕೂಡ ನಿಂತೇ ಇದ್ದಳು.

"ನೆಲಿ," ಎಂದ ಓವಿದಿಯೋ. "ನಿನ್ನ ಬೆರಳು ಬೇಕಿತ್ತು."

ಅವಳು ಮಂಡಿಯೂರಿ, ಕೆಳಗಿನಿಂದ ಕೈ ತೂರಿಸಿ, ಕಿರುಬೆರಳನ್ನು ಬಟ್ಟಲಿನ ಅಂಚಿಗೆ ಇಟ್ಟಳು. ಎಳೆಯಲು ಶುರು ಮಾಡಿದಳು.

ಮೊದಲನೆಯದು ಅಲ್ಲೇ ಇತ್ತು. ಸಣ್ಣದು, ಗುಂಡುಸೂಜಿಯ ತಲೆಯಷ್ಟು ತಗ್ಗು. ಒಂದೇ ಇರಲಿ, ದೇವರೇ, ಈ ಒಂದೇ ಇರಲಿ ಎಂದುಕೊಂಡು ಬೆರಳು ಮುಂದೆ ಸರಿಸಿದಳು. ಇನ್ನೊಂದು ಸಿಕ್ಕಿತು. ಅಷ್ಟೇ ಅಂತರದಲ್ಲಿ ಮತ್ತೊಂದು. ತಾನು ನಿಲುವಂಗಿಗೆ ಅಳೆದು ಇಡುತ್ತಿದ್ದ ಗುಂಡಿಗಳ ಹಾಗೆ ಒಂದರ ಪಕ್ಕ ಒಂದು, ಸಮಸಮವಾಗಿ, ಸುತ್ತಲೂ ಇದ್ದವು. ಅವಳು ಪೂರ್ತಿ ಸುತ್ತು ಬಂದಳು. ಎಣಿಸಬಾರದೆಂದುಕೊಂಡರೂ ಎಣಿಸಿದಳು. ಹತ್ತೊಂಬತ್ತು. ತಟ್ಟೆಯಲ್ಲಿ ಬಿದ್ದ ಗುಂಡುಗಳೂ ಅಷ್ಟೇ ಇರುತ್ತವೆ ಎಂದು ಅವಳಿಗೆ ಗೊತ್ತಿತ್ತು.

ಆ ಭಾನುವಾರ ಹಿಟ್ಟಿನಿಂದ ಕೈ ತೆಗೆದು ನಾಲ್ಕು ಹೆಜ್ಜೆ ನಡೆದು ಬಂದು ಹ್ಯಾಂಡಲ್ಲಿನ ತುದಿ ಮುಟ್ಟಿದ್ದರೆ ಸಾಕಿತ್ತು. ಊಹೂಂ ಎನ್ನಲು ಎಷ್ಟು ಹೊತ್ತು ಬೇಕು.

"ಏನು?" ಎಂದ ಓವಿದಿಯೋ.

"ತಾಳು."

ಇನ್ನೊಂದು ಸುತ್ತು ಎಳೆದಳು, ನಿಧಾನವಾಗಿ. ಮುಖ ಬೈಕಿನ ಚೌಕಟ್ಟಿಗೆ ಆನಿಸಿದ್ದರಿಂದ ಅದು ಯಾರಿಗೂ ಕಾಣುತ್ತಿರಲಿಲ್ಲ.

"ನುಣುಪಾಗಿದೆ," ಎಂದಳು.

"ಸುತ್ತಲೂ?"

"ಸುತ್ತಲೂ ನುಣುಪಾಗಿದೆ. ಈ ಎಡಗಡೆ ಒಂದು ಚೂರು ತಗ್ಗಿದೆ, ಬಿದ್ದ ಏಟಿಂದು. ಬೇರೆ ಎಲ್ಲೂ ಏನೂ ಇಲ್ಲ."

"ಇನ್ನೊಂದ್ಸಲ ನೋಡು ನೆಲಿ."

"ಎರಡು ಸಲ ನೋಡಿದೆ ಓವಿ. ನನ್ನ ಬೆರಳನ್ನ ನಂಬ್ತೀಯೋ ಇಲ್ವೋ?"

ಓವಿದಿಯೋ ಹಳೆಯ ಪೀಪಾಯಿಯ ಮೇಲೆ ಕುಸಿದು ಕೂತು, ಬ್ಯಾಂಡೇಜಿನ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತ. ಶವದ ಪೆಟ್ಟಿಗೆ ಬಂದ ದಿನವೂ ಅವನು ಅತ್ತಿರಲಿಲ್ಲ. ಲುದ್ಮಿಲಾ ಓಡಿಬಂದು ಅವನ ತಲೆಯನ್ನು ತಬ್ಬಿಕೊಂಡಳು. ರೊಸೌರಾ ಬುಟ್ಟಿಯನ್ನು ನೆಲದ ಮೇಲಿಟ್ಟು ಅತ್ತೆಯನ್ನೇ ನೋಡುತ್ತಿದ್ದಳು. ನೆಲಿದಾ ಗ್ರೀಸಿನ ಡಬ್ಬಿಗೆ ಕೈ ಹಾಕಿ, ಮುಷ್ಟಿ ತುಂಬ ತೆಗೆದು, ಬಟ್ಟಲಿನೊಳಕ್ಕೆ ಮೆತ್ತತೊಡಗಿದ್ದಳು.

"ಅದು ಇನ್ನು ಓಡಲ್ಲ ಅತ್ತೆ," ಎಂದಳು ರೊಸೌರಾ ಮೆಲ್ಲಗೆ. "ಗ್ರೀಸ್ ಯಾಕೆ?"

"ತುಕ್ಕು ಹಿಡಿಯತ್ತೆ," ಎಂದಳು ನೆಲಿದಾ. "ಸೋಮವಾರ ಗುಜರಿಯವನಿಗೆ ಬರೋಕೆ ಹೇಳು. ಸಾಕು ಇದು."

ರೊಸೌರಾ ಅತ್ತೆಯ ಗ್ರೀಸು ಮೆತ್ತಿದ ಕೈಯನ್ನು ನೋಡಿ, ಬುಟ್ಟಿ ಎತ್ತಿಕೊಂಡಳು.

ಮಧ್ಯಾಹ್ನ ನೆಲಿದಾ ಬ್ರೆಡ್ಡಿನ ಪುಡಿ ಹಚ್ಚಿದ ಗೋಮಾಂಸದ ಮಿಲನೇಸಾ ಕರಿದಳು, ಆಲೂಗಡ್ಡೆ ಅರೆದಳು. ಕೈಯನ್ನು ಮೂರು ಸಲ ಸೋಪು ಹಾಕಿ ತಿಕ್ಕಿ ತೊಳೆದಿದ್ದಳು. ಆದರೂ ಕಿರುಬೆರಳು ಏನು ಮುಟ್ಟಿದರೂ ಅದರಲ್ಲಿ ತಗ್ಗು ಹುಡುಕುತ್ತಿತ್ತು. ನಾಲ್ಕು ತಟ್ಟೆ ಇಟ್ಟು, ಓವಿದಿಯೋನ ಪಕ್ಕದ ತನ್ನ ಹಳೆಯ ಕುರ್ಚಿಯಲ್ಲಿ ಕೂತಳು. ಅವಳು ಅವನ ಮಾಂಸವನ್ನು ತುಂಡು ಮಾಡಿಕೊಟ್ಟಳು, ಮಾತ್ರೆಯ ಹಾಳೆಯನ್ನು ಲೋಟದ ಪಕ್ಕ ಇಟ್ಟಳು. ಅವನು ಒಂದು ಮಾತ್ರೆ ಒಡೆದು, ನುಂಗಿ, ನೀರು ಕುಡಿದ.

ಊಟ ಮುಗಿದು ತಾಯಿ ಮಗಳು ಎದ್ದುಹೋದ ಮೇಲೆ ಓವಿದಿಯೋ ಬಹಳ ಹೊತ್ತು ಬ್ರೆಡ್ಡಿನ ಪುಡಿಯನ್ನು ಒಂದು ಕಡೆ ಗುಡ್ಡೆ ಮಾಡುತ್ತಾ ಕೂತಿದ್ದ.

"ನೆಲಿ, ಒಂದು ಮಾತು. ಸಿಟ್ಟಾಗಬೇಡ."

"ಹೇಳು."

"ಇಷ್ಟು ತಿಂಗಳು ನಾನೂ ನಿನ್ನ ಮೇಲೆ ಒಂದು ಇಟ್ಕೊಂಡಿದ್ದೆ, ಒಳಗೆ. ಆ ಭಾನುವಾರ ಕರೆದ್ರೆ ನೀನು ಬರಲಿಲ್ಲ ಅಂತ. ಅವಳು ಬಂದಿದ್ರೆ ಗೊತ್ತಾಗ್ತಿತ್ತು, ಅವಳು ಬಂದಿದ್ರೆ ಹುಡುಗ ಉಳೀತಿದ್ದ ಅಂತ ದಿನಾ ಅಂದ್ಕೋತಿದ್ದೆ. ಬಾಯಿ ಬಿಟ್ಟು ಅನ್ನಲಿಲ್ಲ, ಆದ್ರೆ ಅಂದ್ಕೋತಿದ್ದೆ." ಅವನು ತನ್ನ ಸತ್ತ ಕೈಯನ್ನು ಅವಳ ಕೈಯ ಮೇಲಿಟ್ಟ. ಎಷ್ಟು ಭಾರ ಬಿಟ್ಟಿದ್ದೇನೆಂದು ಅವನಿಗೆ ತಿಳಿಯುತ್ತಿರಲಿಲ್ಲ, ತುಂಬ ಭಾರವಾಗಿ ಬಿಟ್ಟಿದ್ದ. "ಅದು ತಪ್ಪು. ನೀನು ಬಂದಿದ್ರೂ ಆಗೋದು ಆಗ್ತಿತ್ತು. ಬಂದು ತಳ್ಳಿ ನೋಡಿದ್ರೂ ನೀನು ಸರಿಯಾಗಿದೆ ಅಂತಲೇ ಹೇಳ್ತಿದ್ದೆ, ಅಲ್ವಾ?"

ಕಿಟಕಿಯಾಚೆ ಲುದ್ಮಿಲಾ ತಂತಿಯ ಮೇಲಿನ ಹಾಸಿಗೆ ಬಟ್ಟೆ ತಿರುವಿ ಹಾಕುತ್ತಿದ್ದಳು.

"ಹೂಂ," ಎಂದಳು ನೆಲಿದಾ. "ಸರಿಯಾಗಿದೆ ಅಂತಲೇ ಹೇಳ್ತಿದ್ದೆ."

ಅವನು ತಲೆಯಾಡಿಸಿ, ಸಮಾಧಾನದಿಂದ ಕಣ್ಣು ಮುಚ್ಚಿಕೊಂಡ. ಅವಳು ಕೈ ಬಿಡಿಸಿಕೊಳ್ಳದೆ, ಅವನಿಗೆ ನಿದ್ದೆ ಹತ್ತುವ ತನಕ ಹಾಗೇ ಕೂತಿದ್ದಳು.